ಆಲ್ಪ್ಸ್‌ನ ಕಬ್ಬಿಣದ ದಾರಿಗೆ ದೇವರಾಯಸಮುದ್ರದಲ್ಲಿ ತಯಾರಿ

ಕೋಲಾರ ದಾಟಿ ಮುಳಬಾಗಿಲಿನ ಕಡೆ ಸಾಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ದೇವರಾಯಸಮುದ್ರ ಸಮೀಪಿಸುತ್ತಿದ್ದಂತೆ ಬಂಡೆಗಳು ರಸ್ತೆಯ ಹತ್ತಿರಕ್ಕೇ ಬಂದು ನಿಲ್ಲುತ್ತವೆ. ಗುಂಡುಕಲ್ಲು, ಹಾಸುಬಂಡೆ, ಒಂದರ ಮೇಲೊಂದು ಹೇರಿದಂಥ ಹೆಬ್ಬಂಡೆಗಳು. ಇಲ್ಲಿ ಕಬ್ಬಿಣದ ಏಣಿ ಇಲ್ಲ, ಬಂಡೆಗೆ ಬಿಗಿದ ಉಕ್ಕಿನ ಹಗ್ಗ ಇಲ್ಲ, ಹಿಮದ ನೀರು ಕೊರೆದ ಕಮರಿಯೂ ಇಲ್ಲ. ಆದರೂ ಯುರೋಪಿನ ಆಲ್ಪ್ಸ್ ಪರ್ವತದ ಕಮರಿಯೊಂದರಲ್ಲಿ ‘ವಿಯಾ ಫೆರಾಟಾ’ ಎಂಬ ಕಬ್ಬಿಣದ ದಾರಿಯನ್ನು ಏರಬೇಕು ಎಂದುಕೊಂಡವರು ತಯಾರಿಯನ್ನು ಇಂಥ ಬಂಡೆಯ ಮೇಲೆಯೇ ಶುರುಮಾಡುವುದು ಒಳ್ಳೆಯದು. ಉಕ್ಕಿನ ಹಗ್ಗದ ಕೆಲಸ ಬಿದ್ದವರನ್ನು ತಡೆದು ನಿಲ್ಲಿಸುವುದು. ಬೀಳದಂತೆ ನೋಡಿಕೊಳ್ಳುವುದು ಪಾದದ ಕೆಲಸ. ಆ ಪಾದ ಪಳಗುವುದಕ್ಕೆ ಕೋಲಾರ ಜಿಲ್ಲೆಯ ಕಲ್ಲು ಸಾಕಷ್ಟು ಕಠಿಣವಾದ ಗುರು.

ಓದಿಗೆ, ಕೆಲಸಕ್ಕೆ ಮ್ಯೂನಿಕ್, ಜ್ಯೂರಿಕ್, ವಿಯೆನ್ನಾಗಳಲ್ಲಿ ನೆಲೆಸಿರುವ ಕನ್ನಡಿಗರು ಕಡಿಮೆಯೇನಲ್ಲ. ಬೇಸಿಗೆಯಲ್ಲಿ ಅವರ ಮನೆಗೆ ಹೋದ ತಮ್ಮಂದಿರು, ತಂಗಿಯರು, ಗೆಳೆಯರು ವಾರಾಂತ್ಯದಲ್ಲಿ ಬೆಟ್ಟಕ್ಕೆ ಹೊರಡುವುದೂ ಸಾಮಾನ್ಯ. ಅಲ್ಲಿನ ಊರುಗಳ ಕ್ರೀಡಾ ಅಂಗಡಿಯಲ್ಲಿ ಹಾರ್ನೆಸ್, ಹೆಲ್ಮೆಟ್, ಕೊಂಡಿಗಳ ಜೋಡಿ ದಿನಬಾಡಿಗೆಗೆ ಸಿಗುತ್ತವೆ. ಬಾಡಿಗೆ ಕೊಡುವವರು ಪರೀಕ್ಷೆ ಮಾಡುವುದಿಲ್ಲ, ಬಹುತೇಕ ದಾರಿಗಳಿಗೆ ಕಾವಲುಗಾರರೂ ಇರುವುದಿಲ್ಲ. ಪಟಗಳಲ್ಲಿ ನೋಡಿದರೆ ಉತ್ಸವದ ಜೋಕಾಲಿಯಷ್ಟು ಸಲೀಸು ಅನ್ನಿಸುವ ಈ ದಾರಿಯಲ್ಲಿ ಅಪಾಯ ಹುಟ್ಟುವುದೇ ಈ ಸಲೀಸಿನ ನಂಬಿಕೆಯಿಂದ. ಆಲ್ಪ್ಸ್‌ನ ರಕ್ಷಣಾ ಪಡೆಗಳು ಕೆಳಗಿಳಿಸುವವರಲ್ಲಿ ಬಹಳ ಮಂದಿಗೆ ಗಾಯವೇ ಆಗಿರುವುದಿಲ್ಲ. ಕೈ ಸೋತು, ಮೇಲಕ್ಕೂ ಹೋಗಲಾರದೆ, ಹಿಂದಕ್ಕೂ ಬರಲಾರದೆ ಗೋಡೆಯ ನಡುವೆ ಸಿಕ್ಕಿಬಿದ್ದವರು ಅವರು.

ಬಂಡೆಗೆ ಕಬ್ಬಿಣ ಹೊಡೆದು ದಾರಿ ಮಾಡುವ ಪದ್ಧತಿ ಹಳೆಯದು. 1843ರಲ್ಲಿ ಫ್ರೀಡ್ರಿಖ್ ಸಿಮೋನಿ ಎಂಬ ವಿಜ್ಞಾನಿ ಆಸ್ಟ್ರಿಯಾದ ಡಾಖ್‌ಷ್ಟೈನ್ ಶಿಖರಕ್ಕೆ ಕಬ್ಬಿಣದ ಮೊಳೆ, ಹಗ್ಗಗಳ ದಾರಿಯೊಂದನ್ನು ಮಾಡಿಸಿದ. ಮೊದಲನೆಯ ಮಹಾಯುದ್ಧ ಬಂದಾಗ ಇಟಲಿಯ ಡಾಲೊಮೈಟ್ ಬೆಟ್ಟಗಳೇ ರಣರಂಗವಾದವು. 1915ರಿಂದ 1917ರವರೆಗೆ ಇಟಲಿ ಮತ್ತು ಆಸ್ಟ್ರಿಯಾ-ಹಂಗೇರಿಯ ಸೈನಿಕರು ಮದ್ದುಗುಂಡು, ರೊಟ್ಟಿ, ಗಾಯಾಳುಗಳನ್ನು ಸಾಗಿಸಲು ಕಡಿದಾದ ಗೋಡೆಗಳಿಗೆ ಏಣಿ, ಹಗ್ಗ ಕಟ್ಟಿದರು. ಇಂದು ಪ್ರವಾಸಿಗರು ಏರುವ ಹಲವು ದಾರಿಗಳು ಆ ಸೈನಿಕರ ಜಾಡಿನಲ್ಲೇ ಇವೆ. ಫ್ರಾನ್ಸಿನಲ್ಲಿ ಮೊದಲ ವಿಯಾ ಫೆರಾಟಾ ತೆರೆದದ್ದು 1988ರಲ್ಲಿ, ಫ್ರೆಸಿನಿಯೇರ್ ಎಂಬ ಹಳ್ಳಿಯಲ್ಲಿ. ಆಮೇಲೆ ಇದು ಪ್ರವಾಸೋದ್ಯಮವಾಗಿ ಬೆಳೆಯಿತು. ಏಷ್ಯಾದಲ್ಲಿ ಮಲೇಷ್ಯಾದ ಕಿನಬಾಲು ಬೆಟ್ಟದಲ್ಲಿ 2007ರಿಂದ ಇಂಥ ದಾರಿ ಇದೆ.

ದಾರಿಯ ರಚನೆ ಸರಳ. ಬಂಡೆಗೆ ಕೆಲವು ಮೀಟರುಗಳಿಗೊಮ್ಮೆ ದಪ್ಪ ಕಬ್ಬಿಣದ ಗೂಟ ನೆಟ್ಟು, ಅವುಗಳ ನಡುವೆ ಉಕ್ಕಿನ ಹಗ್ಗ ಎಳೆದು ಕಟ್ಟಿರುತ್ತಾರೆ. ಬಂಡೆ ನುಣ್ಣಗಿರುವ ಕಡೆ ಕಾಲಿಡಲು ಕಬ್ಬಿಣದ ಬಳೆ ಅಥವಾ ಮೊಳೆ. ಕಮರಿಯ ಇನ್ನೊಂದು ಬದಿಗೆ ದಾಟಬೇಕಾದಲ್ಲಿ ಒಂಟಿ ಹಗ್ಗದ ಮೇಲೆ ಕಾಲಿಟ್ಟು, ಇನ್ನೆರಡು ಹಗ್ಗ ಹಿಡಿದು ನಡೆಯುವ ಸೇತುವೆ. ಏರುವವರ ಸೊಂಟದ ಹಾರ್ನೆಸ್‌ನಿಂದ ಎರಡು ಪಟ್ಟಿಗಳು ಹೊರಡುತ್ತವೆ. ಎರಡರ ತುದಿಯಲ್ಲೂ ಕ್ಯಾರಬೀನರ್ ಕೊಂಡಿ. ಎರಡೂ ಕೊಂಡಿ ಉಕ್ಕಿನ ಹಗ್ಗದ ಮೇಲೆ ಜಾರುತ್ತ ಜೊತೆಗೆ ಬರುತ್ತವೆ. ಗೂಟ ಬಂದಾಗ ಒಂದು ಕೊಂಡಿಯನ್ನು ಬಿಚ್ಚಿ ಗೂಟದಾಚೆ ಹಾಕಬೇಕು, ಅದು ‘ಟಕ್’ ಎಂದು ಮುಚ್ಚಿದ್ದನ್ನು ಕಣ್ಣಾರೆ ನೋಡಿದ ಮೇಲೆ ಎರಡನೆಯದನ್ನು ಬಿಚ್ಚಬೇಕು. ಎರಡೂ ಕೊಂಡಿ ಒಟ್ಟಿಗೆ ಗಾಳಿಯಲ್ಲಿರುವ ಕ್ಷಣ ಇಡೀ ದಿನದಲ್ಲಿ ಒಂದೂ ಇರಬಾರದು. ನಿಯಮ ಇಷ್ಟೇ. ಆದರೆ ಒಂದು ದಿನದಲ್ಲಿ ನೂರಾರು ಸಲ ಇದನ್ನು ಮಾಡಬೇಕಾಗುತ್ತದೆ. ಮೂರನೆಯ ಗಂಟೆಯ ಹೊತ್ತಿಗೆ ಬೆರಳು ಮರಗಟ್ಟಿ, ಮನಸ್ಸು ಊಟದ ಕಡೆ ಹೊರಳಿದಾಗಲೂ ಕೈ ತಪ್ಪದಷ್ಟು ಅದು ರೂಢಿಯಾಗಿರಬೇಕು. ಮನೆಯ ಕಿಟಕಿಯ ಸರಳಿಗೆ ಹಗ್ಗ ಕಟ್ಟಿ, ಕೈಗವಸು ಹಾಕಿಕೊಂಡು, ಎಡಗೈಯಲ್ಲೂ ಬಲಗೈಯಲ್ಲೂ ಅಭ್ಯಾಸ ಮಾಡಿಕೊಂಡು ಹೋಗುವವರು ಅಲ್ಲಿ ಅರ್ಧ ಸುಸ್ತನ್ನು ತಪ್ಪಿಸಿಕೊಳ್ಳುತ್ತಾರೆ.

ಇನ್ನು ಬೀಳುವ ಲೆಕ್ಕ. ಇದನ್ನು ತಿಳಿಯದೆ ಯಾರೂ ಆ ಹಗ್ಗಕ್ಕೆ ಕೊಂಡಿ ಹಾಕಬಾರದು. ಸಾಮಾನ್ಯ ಶಿಲಾರೋಹಣದಲ್ಲಿ ಹಿಗ್ಗುವ ಉದ್ದನೆಯ ಹಗ್ಗ ಇರುತ್ತದೆ. ಬಿದ್ದ ಎತ್ತರವನ್ನು ಆ ಬೀಳುವಿಕೆಯನ್ನು ತಡೆಯುವ ಹಗ್ಗದ ಉದ್ದದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅಲ್ಲಿ 2ನ್ನು ಮೀರುವುದಿಲ್ಲ. ಕಬ್ಬಿಣದ ದಾರಿಯಲ್ಲಿ ಹಾಗಲ್ಲ. ಕಾಲು ಜಾರಿದರೆ ಕೊಂಡಿಗಳು ಉಕ್ಕಿನ ಹಗ್ಗದ ಮೇಲೆ ಸರ್ರನೆ ಕೆಳಗಿಳಿದು ಕೆಳಗಿನ ಗೂಟಕ್ಕೆ ಬಡಿದ ಮೇಲಷ್ಟೇ ನಿಲ್ಲುತ್ತವೆ. ಗೂಟ ನಾಲ್ಕು ಮೀಟರ್ ಕೆಳಗಿದ್ದು ಪಟ್ಟಿಯ ಉದ್ದ ಒಂದು ಮೀಟರ್ ಇದ್ದರೆ ಬೀಳುವುದು ಐದು ಮೀಟರ್, ಭಾಗಲಬ್ಧ 5. ಬರೀ ಹಗ್ಗದ ತುಂಡನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದರೆ ಆ ಹೊಡೆತಕ್ಕೆ ಹಗ್ಗ ಹರಿಯಬಹುದು, ಇಲ್ಲವೇ ಬೆನ್ನುಮೂಳೆ ಮುರಿಯಬಹುದು. ಅದಕ್ಕಾಗಿಯೇ ಪಟ್ಟಿಗಳ ಬುಡದಲ್ಲಿ ಆಘಾತ ಹೀರುವ ಪುಟ್ಟ ಚೀಲ ಇರುತ್ತದೆ. ಅದರೊಳಗೆ ಮಡಚಿ ಹೊಲಿದ ಪಟ್ಟಿ. ಹೊಡೆತ ಬಿದ್ದಾಗ ಹೊಲಿಗೆ ಒಂದೊಂದೇ ಹರಿಯುತ್ತ ಬಲವನ್ನು ತಗ್ಗಿಸುತ್ತದೆ. ಯುರೋಪಿನ ಇಎನ್ 958 ಮಾನದಂಡವನ್ನು 2017ರಲ್ಲಿ ಪರಿಷ್ಕರಿಸಿದ ಮೇಲೆ ಈ ಸಾಧನಗಳನ್ನು 40ರಿಂದ 120 ಕಿಲೋ ತೂಕದವರಿಗೆ ಪರೀಕ್ಷಿಸಲಾಗುತ್ತದೆ. ಹೊಲಿಗೆ ಪೂರ್ತಿ ಬಿಚ್ಚಿಕೊಂಡರೆ ಪಟ್ಟಿ ಎರಡು ಮೀಟರಿಗೂ ಹೆಚ್ಚು ಉದ್ದವಾಗಬಹುದು. ಎಂದರೆ, ಕೆಳಗೆ ಚಾಚಿಕೊಂಡ ಕಲ್ಲೋ ಕಬ್ಬಿಣದ ಮೊಳೆಯೋ ಇದ್ದರೆ, ಹಗ್ಗ ತಡೆದು ನಿಲ್ಲಿಸುವ ಮೊದಲೇ ದೇಹ ಅದಕ್ಕೆ ಬಡಿದಿರುತ್ತದೆ. ಕಬ್ಬಿಣದ ದಾರಿಯಲ್ಲಿ ಬೀಳುವುದು ಬದುಕಿಸುವ ವ್ಯವಸ್ಥೆ ಇರುವ ಅಪಘಾತ, ಆಟವಲ್ಲ.

ಸಾಧನದ ವಯಸ್ಸೂ ಮುಖ್ಯ. 2012ರ ಆಗಸ್ಟ್‌ನಲ್ಲಿ ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದಲ್ಲಿ ಒಬ್ಬರು ಬಿದ್ದಾಗ ಅವರ ಎಲಾಸ್ಟಿಕ್ ಪಟ್ಟಿಗಳೆರಡೂ ಹರಿದು ಸಾವು ಸಂಭವಿಸಿತು. ಬಳಕೆಯಿಂದ ಆ ಬಗೆಯ ಪಟ್ಟಿಗಳ ಶಕ್ತಿ ಕುಂದುತ್ತದೆ ಎಂಬುದು ತನಿಖೆಯಲ್ಲಿ ಕಂಡುಬಂತು, ಹಲವು ಕಂಪನಿಗಳು ಸಾಧನಗಳನ್ನು ಹಿಂದಕ್ಕೆ ಪಡೆದವು. ಆದ್ದರಿಂದ ಗೆಳೆಯರ ಅಟ್ಟದಲ್ಲಿದ್ದ ಹಳೆಯ ಸೆಟ್ಟು, ಜಾಲತಾಣದಲ್ಲಿ ಸಿಕ್ಕ ಸೆಕೆಂಡ್ ಹ್ಯಾಂಡ್ ಸೆಟ್ಟು ಬೇಡವೇ ಬೇಡ. ಬಾಡಿಗೆಗೆ ತೆಗೆದುಕೊಳ್ಳುವಾಗ ತಯಾರಾದ ವರ್ಷದ ಚೀಟಿ ನೋಡಬೇಕು. ಚೀಲದ ಹೊಲಿಗೆ ಸ್ವಲ್ಪ ಬಿಚ್ಚಿದ್ದರೂ ಅದು ಒಮ್ಮೆ ಕೆಲಸ ಮಾಡಿ ಮುಗಿಸಿದ ಸಾಧನ ಎಂದರ್ಥ. ಇದರ ಜೊತೆಗೆ ಹೆಲ್ಮೆಟ್, ಅಂಗೈ ಮುಚ್ಚುವ ಚರ್ಮದ ಕೈಗವಸು, ಗಟ್ಟಿ ಅಟ್ಟೆಯ ಬೂಟು ಬೇಕು. ಮೆತ್ತನೆಯ ಓಟದ ಶೂ ಹಾಕಿಕೊಂಡು ಕಬ್ಬಿಣದ ಬಳೆಯ ಮೇಲೆ ಒಂದು ಗಂಟೆ ನಿಂತರೆ ಅಂಗಾಲು ಉರಿಯತೊಡಗುತ್ತದೆ.

ಇಷ್ಟೆಲ್ಲ ಸಾಧನ ಇದ್ದೂ ಜನ ಸೋಲುವುದು ಎಲ್ಲಿ? ತೋಳಿನಲ್ಲಿ. ಹೊಸಬರು ಉಕ್ಕಿನ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕೈ ಮಡಚಿ, ಮೈಯನ್ನು ಮೇಲಕ್ಕೆಳೆದುಕೊಳ್ಳುತ್ತಾರೆ. ಅರ್ಧ ಗಂಟೆಯಲ್ಲಿ ಮುಂಗೈ ಕಲ್ಲಿನಂತಾಗಿ ಹಿಡಿತ ಬಿಡುತ್ತದೆ. ಬಲ್ಲವರು ಕೈಯನ್ನು ನೀಳವಾಗಿ ಇಟ್ಟುಕೊಂಡು ಕಾಲಿನಿಂದ ಏಳುತ್ತಾರೆ. ಈ ಒಂದು ವ್ಯತ್ಯಾಸವನ್ನು ಮಾತಿನಲ್ಲಿ ಹೇಳಿ ಕಲಿಸುವುದು ಕಷ್ಟ, ಹಿಡಿಯಲು ಏನೂ ಇಲ್ಲದ ಹಾಸುಬಂಡೆ ಒಂದು ಬೆಳಗ್ಗೆಯಲ್ಲಿ ಕಲಿಸುತ್ತದೆ.

ದೇವರಾಯಸಮುದ್ರ, ಆವಣಿ, ಕೋಲಾರದ ಅಂತರಗಂಗೆ, ಅದರ ಬೆನ್ನಿಗಿರುವ ತೇರಹಳ್ಳಿ: ಈ ಸೀಮೆಯ ಬೆಟ್ಟಗಳೆಲ್ಲ ಗ್ರಾನೈಟ್ ಮತ್ತು ನೈಸ್ ಜಾತಿಯ ಕಲ್ಲು, ವಯಸ್ಸು ಸುಮಾರು 250 ಕೋಟಿ ವರ್ಷ. ಡಾಲೊಮೈಟ್‌ನ ಕಲ್ಲು ಇದಕ್ಕೆ ಹೋಲಿಸಿದರೆ ಎಳೆಯದು, 20-25 ಕೋಟಿ ವರ್ಷದ ಸಮುದ್ರತಳದ ಸುಣ್ಣದ ಪದರ. ಅಲ್ಲಿ ಬೆರಳಿಗೆ ಸಿಗುವ ಅಂಚು, ಗೂಡು ಬೇಕಾದಷ್ಟಿವೆ. ಇಲ್ಲಿನ ಹಾಸುಬಂಡೆಯಲ್ಲಿ ಕೈಗೆ ಏನೂ ಸಿಗುವುದಿಲ್ಲ. ಹರಳುಹರಳಾದ ಮೇಲ್ಮೈಗೆ ಶೂನ ರಬ್ಬರು ಕಚ್ಚಿಕೊಳ್ಳಬೇಕು, ಅಷ್ಟೇ ಆಧಾರ. ಹಿಮ್ಮಡಿ ಕೆಳಗಿಳಿಸಿ, ಸೊಂಟವನ್ನು ಬಂಡೆಯಿಂದ ತುಸು ಹೊರಗಿಟ್ಟು, ಮೈಭಾರವನ್ನೆಲ್ಲ ಪಾದದ ಮುಂಭಾಗಕ್ಕೆ ಕೊಟ್ಟರೆ ಹಿಡಿತ ನಿಲ್ಲುತ್ತದೆ. ಹೆದರಿ ಬಂಡೆಗೆ ಎದೆ ಅಂಟಿಸಿಕೊಂಡರೆ ಭಾರ ಪಾದದಿಂದ ತಪ್ಪಿ ಕಾಲು ಜಾರುತ್ತದೆ. ಭಯವಾದಾಗ ದೇಹ ಮಾಡಬೇಕೆನ್ನುವುದರ ವಿರುದ್ಧವೇ ಮಾಡಬೇಕು. ಕಮರಿಯ ಒದ್ದೆ ಗೋಡೆಯಲ್ಲೂ ಬೇಕಾಗುವುದು ಇದೇ ಶಿಸ್ತು.

ಈ ಕಲ್ಲು ಇನ್ನೊಂದನ್ನೂ ಕಲಿಸುತ್ತದೆ. ಬಿಸಿಲು-ಮಳೆಗೆ ಗ್ರಾನೈಟಿನ ಮೇಲ್ಮೈ ಈರುಳ್ಳಿಯಂತೆ ಪದರಪದರವಾಗಿ ಬಿಚ್ಚಿಕೊಳ್ಳುತ್ತದೆ. ಕಲ್ಲಿನ ಕೆಲಸದವರು ಬಂಡೆಯನ್ನು ಬಡಿದು ಸದ್ದಿನಿಂದಲೇ ಗಟ್ಟಿಯೋ ಟೊಳ್ಳೋ ಹೇಳುತ್ತಾರೆ. ಏರುವವರಿಗೂ ಆ ಕಿವಿ ಬೇಕು. ಅಂಗೈಯಿಂದ ತಟ್ಟಿದಾಗ ಡಬಡಬ ಎನ್ನುವ ಚಕ್ಕೆಯನ್ನು ಹಿಡಿದು ಎಳೆಯಬಾರದು. ಆಲ್ಪ್ಸ್‌ನಲ್ಲಿ ಗೂಟ ನೆಟ್ಟ ಬಂಡೆಯೂ ಚಳಿಗಾಲದ ಹಿಮಕ್ಕೆ ಸಡಿಲವಾಗಿರಬಹುದು, ಮೇಲಿರುವವರ ಕಾಲಿಗೆ ತಗುಲಿದ ಕಲ್ಲು ಕೆಳಗಿರುವವರ ಮೇಲೆ ಬೀಳಬಹುದು.

ಇಲ್ಲಿಯೂ ಹಗ್ಗವಿಲ್ಲದೆ, ಬಲ್ಲವರಿಲ್ಲದೆ ಏರುವಂತಿಲ್ಲ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಡಿ ಕೆಲಸ ಮಾಡುವ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಶಿಲಾರೋಹಣ ತರಬೇತಿ ನಡೆಸುತ್ತದೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕೃತಕ ಗೋಡೆ ಇದೆ. ಗಂಟು ಹಾಕುವುದು, ಹಾರ್ನೆಸ್ ಬಿಗಿಯುವುದು, ಜೊತೆಗಾರರ ಹಗ್ಗ ಹಿಡಿಯುವುದು ಮೊದಲು ಅಲ್ಲಿ, ಆಮೇಲೆ ತರಬೇತುದಾರರ ಜೊತೆ ಕೋಲಾರದ ಬಂಡೆ. ಈ ಬೆಟ್ಟಗಳಲ್ಲಿ ಹಲವು ಭಾಗ ಅರಣ್ಯ ಇಲಾಖೆಗೆ ಸೇರಿದ್ದು, ಕೆಲವು ದೇವಸ್ಥಾನದ ಸುತ್ತಿನದು, ಕೆಲವು ಪುರಾತತ್ವ ಮಹತ್ವದ್ದು. ಎಲ್ಲಿ ಏರಬಹುದು ಎಂದು ಮೊದಲೇ ಕೇಳಿ ಅನುಮತಿ ಪಡೆಯಬೇಕು. ಆವಣಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪಿದೆ, ಬೆಟ್ಟದ ಮೇಲೆ ಸೀತಾ-ಪಾರ್ವತಿ ಗುಡಿ ಇದೆ. ಭಕ್ತರು ನಡೆಯುವ ಬಂಡೆಗೆ ಮೊಳೆ ಹೊಡೆಯುವ ಮಾತೇ ಬರಬಾರದು. ರಾಮನಗರದ ರಾಮದೇವರ ಬೆಟ್ಟ ಒಂದು ಕಾಲಕ್ಕೆ ಬೆಂಗಳೂರಿನ ಶಿಲಾರೋಹಿಗಳ ಅಚ್ಚುಮೆಚ್ಚಿನ ಜಾಗವಾಗಿತ್ತು. 2012ರಲ್ಲಿ ಅದು ರಣಹದ್ದುಗಳ ಧಾಮವೆಂದು ಘೋಷಣೆಯಾದ ಮೇಲೆ ಬಂಡೆ ಹಕ್ಕಿಗಳದಾಯಿತು. ಆ ನಿರ್ಧಾರ ಸರಿಯಾದದ್ದೇ. ಏರಲು ಬೇರೆ ಬಂಡೆಗಳಿವೆ, ಆ ಹದ್ದುಗಳಿಗೆ ಬೇರೆ ನೆಲೆ ಸುಲಭವಾಗಿ ಸಿಗದು.

ಕಾಲವನ್ನು ನೋಡಿಕೊಂಡು ಹೊರಡಬೇಕು. ಕೋಲಾರ ಸೀಮೆಗೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಳ್ಳೆಯ ಮಳೆ. ಆಗ ಬಂಡೆಯ ಮೇಲೆ ನೀರು ಹರಿದ ಕಪ್ಪು ಪಟ್ಟೆಗಳಲ್ಲಿ ಪಾಚಿ ಜೀವ ತಳೆದಿರುತ್ತದೆ, ಅದರ ಮೇಲೆ ಎಂಥ ಶೂ ಕೂಡ ನಿಲ್ಲದು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಹಿತ. ಮಾರ್ಚ್ ದಾಟಿದರೆ ಬೆಳಗ್ಗೆ ಒಂಬತ್ತಕ್ಕೆಲ್ಲ ಬಂಡೆ ಕಾದು ಅಂಗೈ ಇಡಲಾಗುವುದಿಲ್ಲ.

ಅತಿ ದೊಡ್ಡ ಅಪಾಯ ಮಾತ್ರ ಕಲ್ಲಿನದಲ್ಲ, ಹೆಜ್ಜೇನಿನದು. ಹೆಬ್ಬಂಡೆಗಳ ಚಾಚಿನ ಕೆಳಗೆ ಹೆಜ್ಜೇನು ಗೂಡು ಕಟ್ಟುತ್ತದೆ. ನೆಲದ ಮೇಲಿರುವವರು ಓಡಿಯಾರು, ಹಗ್ಗಕ್ಕೆ ನೇತಾಡುತ್ತಿರುವವರು ಎಲ್ಲಿಗೆ ಓಡಬೇಕು? ಏರುವ ಮೊದಲು ಬಂಡೆಯ ಇಡೀ ಮುಖವನ್ನು ದುರ್ಬೀನಿನಿಂದ ನೋಡಬೇಕು, ಊರಿನ ದನ-ಕುರಿ ಮೇಯಿಸುವವರನ್ನು ಕೇಳಬೇಕು. ಗೂಡು ಎಲ್ಲಿದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಸೆಂಟು ಹಾಕಿಕೊಳ್ಳುವುದು, ಬುಡದಲ್ಲಿ ಬೆಂಕಿ ಹೊಗೆ ಮಾಡುವುದು, ಕೂಗಾಡುವುದು ಬೇಡ. ಹುಳು ಎದ್ದರೆ ಕೈ ಬೀಸದೆ ಮುಖ, ಕುತ್ತಿಗೆ ಮುಚ್ಚಿಕೊಂಡು ಜಾಗ ಬಿಡಬೇಕು. ಕಚ್ಚಿಸಿಕೊಂಡವರಿಗೆ ಉಸಿರಾಟ ಕಷ್ಟವಾದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಸಾಗಿಸಬೇಕು.

ಎತ್ತರದ ಭಯ ಎಷ್ಟಿದೆ ಎಂದು ಅಳೆದುಕೊಳ್ಳಲು ಇನ್ನೂ ಸುಲಭದ ಜಾಗಗಳಿವೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಬಂಡೆಗೆ ಕೊರೆದ ಮೆಟ್ಟಿಲು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಅಜ್ಜಿಯರೂ ಆ ಕಂಬಿ ಹಿಡಿದು ಬಸವನವರೆಗೆ ಹೋಗಿಬರುತ್ತಾರೆ. ಮಧುಗಿರಿ ಕೋಟೆಯ ಕಡಿದಾದ ಏರಿನಲ್ಲೂ ಕಲ್ಲಿಗೆ ಕಡಿದ ಕಿರು ಮೆಟ್ಟಿಲುಗಳಿವೆ. ಇವೆರಡನ್ನೂ ತಲೆ ಸುತ್ತದೆ ಹತ್ತಿ, ಮುಖ್ಯವಾಗಿ ಇಳಿದು ಬಂದವರು ಆಲ್ಪ್ಸ್‌ನ ಮೊದಲ ದರ್ಜೆಯ ದಾರಿಗೆ ಮನಸ್ಸಿನಿಂದ ಸಿದ್ಧರಾಗಿದ್ದಾರೆ ಎನ್ನಬಹುದು.

ಆ ದರ್ಜೆಗಳನ್ನು ಆಸ್ಟ್ರಿಯಾದಲ್ಲಿ ಎ ಇಂದ ಇ ವರೆಗಿನ ಅಕ್ಷರಗಳಲ್ಲಿ ಗುರುತಿಸುತ್ತಾರೆ, ಸ್ವಿಟ್ಜರ್ಲೆಂಡಿನ ಹಲವು ಕಡೆ ಕೆ1ರಿಂದ ಕೆ6. ಮೊದಲ ಸಲದವರು ಎ, ಬಿ ದಾಟಬಾರದು. ಅಕ್ಷರ ಹೇಳುವುದು ಅತಿ ಕಷ್ಟದ ತುಣುಕಿನ ಬಗ್ಗೆ ಮಾತ್ರ, ದಾರಿಯ ಉದ್ದದ ಬಗ್ಗೆ ಅಲ್ಲ. ಜರ್ಮನಿಯ ಅತಿ ಎತ್ತರದ ಶಿಖರ ತ್ಸುಗ್‌ಸ್ಪಿಟ್ಸೆಗೆ (2,962 ಮೀಟರ್) ಹೋಲೆಂಟಾಲ್ ಕಮರಿಯ ಮೂಲಕ ಹೋಗುವ ದಾರಿಯೇ ಉದಾಹರಣೆ. ಮೊದಲು ಕಮರಿಯೊಳಗೆ ಸುರಂಗ, ಸೇತುವೆಗಳ ಕಾಲುದಾರಿ. 1905ರಲ್ಲಿ ತೆರೆದ ಈ ಭಾಗವನ್ನು ಟಿಕೆಟ್ ತೆಗೆದುಕೊಂಡು ಊರಿನಿಂದ ಬಂದ ಅಪ್ಪ-ಅಮ್ಮನೂ ನೋಡಿಬರಬಹುದು, ನೆನೆಯದಂತೆ ಮಳೆಯಂಗಿ ಇದ್ದರೆ ಸಾಕು. ಅದರಾಚೆ ಕಬ್ಬಿಣದ ಏಣಿ, ಆಮೇಲೆ ನುಣುಪು ಗೋಡೆಗೆ ಅಡ್ಡಲಾಗಿ ನೆಟ್ಟ ಮೊಳೆಗಳ ಮೇಲಿನ ನಡಿಗೆ, ಮುಂದೆ ಹಿಮನದಿ, ಕೊನೆಗೆ ನೂರಾರು ಮೀಟರ್ ಎತ್ತರದ ಗೋಡೆ. ಒಟ್ಟು ಏರು ಸುಮಾರು 2,200 ಮೀಟರ್. ಯಾವ ತುಣುಕೂ ತೀರ ಕಷ್ಟದ್ದಲ್ಲ, ಆದರೆ ಇಡೀ ದಿನ ದೇಹ ತಾಳಬೇಕು. ಮೊದಲ ಸಲಕ್ಕೆ ಇದು ಬೇಡ. ಸ್ವಿಟ್ಜರ್ಲೆಂಡಿನ ಸಾಸ್-ಫೇಯಲ್ಲಿರುವ ಕಮರಿಯ ದಾರಿಯಲ್ಲಿ ಏಣಿ, ಹಗ್ಗದ ಜಾರು, ತೂಗು ಎಲ್ಲವೂ ಇವೆ, ಅದನ್ನು ಮಾರ್ಗದರ್ಶಕರ ಜೊತೆ ಹೋಗುವಂತೆಯೇ ರೂಪಿಸಲಾಗಿದೆ. ಹೊಸಬರಿಗೆ ಅದು ಹೆಚ್ಚು ಸೂಕ್ತ.

ಬಯಲಿನ ಗೋಡೆಗಿಂತ ಕಮರಿ ಬೇರೆ. ಅಲ್ಲಿ ಬಿಸಿಲು ಬೀಳುವುದು ಕಡಿಮೆ, ಆಗಸ್ಟ್‌ನಲ್ಲೂ ಕೈ ಕೊರೆಯುತ್ತದೆ, ತುಂತುರಿಗೆ ಕಬ್ಬಿಣ ಜಾರುತ್ತದೆ, ನೀರಿನ ಭೋರ್ಗರೆತದಲ್ಲಿ ಪಕ್ಕದವರ ಕೂಗೂ ಕೇಳಿಸುವುದಿಲ್ಲ. ಹಾಗಾಗಿ ‘ನಿಲ್ಲು’, ‘ಬಾ’, ‘ಕೊಂಡಿ ಹಾಕಿದೆ’ ಎಂಬುದಕ್ಕೆ ಕೈಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಎರಡು ಗೂಟಗಳ ನಡುವೆ ಒಬ್ಬರೇ ಇರಬೇಕು. ಮೇಲಿನವರು ಬಿದ್ದರೆ ಅವರ ಕೊಂಡಿ ನೇರವಾಗಿ ಕೆಳಗಿನವರ ಕೈಗೆ ಬಡಿಯುತ್ತದೆ.

ನೀರನ್ನು ನಂಬಬಾರದು. 2021ರ ಆಗಸ್ಟ್ 16ರಂದು ಧಾರಾಕಾರ ಮಳೆಗೆ ಇದೇ ಹೋಲೆಂಟಾಲ್ ಕಮರಿಯಲ್ಲಿ ದಿಢೀರನೆ ಪ್ರವಾಹ ನುಗ್ಗಿ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು, ಜೀವಹಾನಿಯೂ ಆಯಿತು. ಕಮರಿಯ ತಳದಲ್ಲಿ ನಿಂತವರಿಗೆ ಆಕಾಶದ ಒಂದು ಸೀಳು ಮಾತ್ರ ಕಾಣುತ್ತದೆ, ಮೇಲಿನ ಕಣಿವೆಯಲ್ಲಿ ಸುರಿಯುತ್ತಿರುವ ಮಳೆ ಕಾಣುವುದಿಲ್ಲ. ಆಲ್ಪ್ಸ್‌ನ ಬೇಸಿಗೆಯಲ್ಲಿ ಗುಡುಗು-ಸಿಡಿಲು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ನೂರಾರು ಮೀಟರ್ ಉಕ್ಕಿನ ಹಗ್ಗಕ್ಕೆ ಸೊಂಟ ಕಟ್ಟಿಕೊಂಡವರಿಗೆ ಸಿಡಿಲಿನಿಂದ ಅಡಗಲು ಜಾಗವಿಲ್ಲ. ನಸುಕಿಗೆ ಹೊರಟು ಮಧ್ಯಾಹ್ನದೊಳಗೆ ದಾರಿಯಿಂದ ಹೊರಬರುವುದು ಅಲ್ಲಿನವರ ಪದ್ಧತಿ. ಮುನ್ಸೂಚನೆಯಲ್ಲಿ ಗುಡುಗಿನ ಗುರುತಿದ್ದರೆ ಅವರು ಹೊರಡುವುದೇ ಇಲ್ಲ.

ಮಕ್ಕಳನ್ನು ಕರೆದೊಯ್ಯುವವರು 40 ಕಿಲೋ ಎಂಬ ಗಡಿಯನ್ನು ಮರೆಯುವಂತಿಲ್ಲ. ಅದಕ್ಕಿಂತ ಹಗುರವಾದ ಮಗು ಬಿದ್ದರೆ ಆಘಾತ ಹೀರುವ ಚೀಲ ಸರಿಯಾಗಿ ಬಿಚ್ಚಿಕೊಳ್ಳದೆ ಹೊಡೆತವೆಲ್ಲ ಮಗುವಿನ ಮೈಗೇ ಬೀಳಬಹುದು. ಅಂಥ ಮಕ್ಕಳನ್ನು ಬಲ್ಲ ಮಾರ್ಗದರ್ಶಕರು ಮೇಲಿನಿಂದ ಬೇರೆ ಹಗ್ಗ ಹಿಡಿದೇ ಏರಿಸಬೇಕು. ಬೆನ್ನಚೀಲ ಸೇರಿ 120 ಕಿಲೋ ದಾಟುವ ದೊಡ್ಡವರ ವಿಷಯವೂ ಹೀಗೆಯೇ.

ಹೊರಡುವ ಮೊದಲು ಕಾಗದದ ಕೆಲಸ ಸ್ವಲ್ಪ ಇದೆ. ಭಾರತದಿಂದ ಮಾಡಿಸಿದ ಪ್ರವಾಸ ವಿಮೆಯಲ್ಲಿ ಸಾಹಸ ಕ್ರೀಡೆಗೆ ರಕ್ಷಣೆ ಇದೆಯೇ, ಹೆಲಿಕಾಪ್ಟರಿನ ವೆಚ್ಚ ಸೇರಿದೆಯೇ ಎಂದು ಸಣ್ಣಕ್ಷರಗಳನ್ನು ಓದಿ ನೋಡಬೇಕು. ಅಲ್ಲೇ ನೆಲೆಸಿದವರಿಗೆ ಆಸ್ಟ್ರಿಯಾದ ಆಲ್ಪೈನ್ ಕ್ಲಬ್ಬಿನ ಸದಸ್ಯತ್ವದ ಜೊತೆಗೇ ರಕ್ಷಣಾ ವಿಮೆ ಬರುತ್ತದೆ. ಯುರೋಪಿನಾದ್ಯಂತ ತುರ್ತು ಕರೆಗೆ 112, ಆಸ್ಟ್ರಿಯಾದ ಬೆಟ್ಟದ ರಕ್ಷಣೆಗೆ 140, ಸ್ವಿಟ್ಜರ್ಲೆಂಡಿನ ಹೆಲಿಕಾಪ್ಟರ್ ಸೇವೆಗೆ 1414. ಕಮರಿಯಲ್ಲಿ ಫೋನಿಗೆ ಸಿಗ್ನಲ್ ಸಿಗದಿದ್ದರೆ ಸೀಟಿ ಅಥವಾ ಟಾರ್ಚಿನಿಂದ ನಿಮಿಷಕ್ಕೆ ಆರು ಸಲ ಸಂಕೇತ ಕೊಟ್ಟು, ಒಂದು ನಿಮಿಷ ಬಿಟ್ಟು ಮತ್ತೆ ಕೊಡಬೇಕು. ನಿಮಿಷಕ್ಕೆ ಮೂರು ಸಲ ಉತ್ತರ ಬಂದರೆ ಯಾರೋ ಗಮನಿಸಿದ್ದಾರೆ ಎಂದರ್ಥ. ಯಾವ ದಾರಿ, ಎಷ್ಟು ಹೊತ್ತಿಗೆ ಆರಂಭ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ತಂಗಿದ ಮನೆಯವರಿಗೋ ಊರಿನಲ್ಲಿರುವ ಅಣ್ಣನಿಗೋ ಮೆಸೇಜು ಮಾಡಿಟ್ಟು, ಇಳಿದ ಕೂಡಲೇ ಇನ್ನೊಂದು ಮೆಸೇಜು ಕಳಿಸಬೇಕು. ಭಾರತದ ಗಡಿಯಾರ ಯುರೋಪಿನ ಬೇಸಿಗೆಯಲ್ಲಿ ಮೂರೂವರೆ ಗಂಟೆ ಮುಂದಿರುವುದರಿಂದ, ಅಲ್ಲಿನ ಮಧ್ಯಾಹ್ನ ಎರಡಕ್ಕೆ ಇಳಿಯುವವರ ಸುದ್ದಿ ಮುಳಬಾಗಿಲಿಗೆ ಸಂಜೆ ಐದೂವರೆಗೆ ತಲುಪಬೇಕು.